ಸಾಲು ಮುಟ್ಟಿದ ದಿನ

ನಮ್ಮೂರಿನ ರುದ್ರಮುನಿ ಮೇಷ್ಟ್ರಿಗೆ ಈಗ ಒಂಬತ್ತು ವರ್ಷ. ಅದಕ್ಕೆ ಮುಂಚೆ ಅರವತ್ತೊಂದು ಆಗಿತ್ತು. ಅವರ ಹುಟ್ಟಿನ ಸಾಲಿನಲ್ಲಿ ತಂದೆಯ ಜಾಗದಲ್ಲಿ ಚಿಕ್ಕಪ್ಪನ ಹೆಸರು ಕೂತಿತ್ತು. ಅಷ್ಟು ವರ್ಷ ಸುಮ್ಮನಿದ್ದವರು ಅದೇನು ಹೊಳೆಯಿತೋ, ಒಂದು ದಿನ ಕಚೇರಿಗೆ ಬಂದು ಹಟ ಹಿಡಿದು ತಿದ್ದಿಸಿಕೊಂಡರು. ಸಾಲು ಮುಟ್ಟಿದ್ದೇ ತಡ, ತಾರೀಖಿನ ಕಾಲಂ ಅವತ್ತಿನ ದಿನಕ್ಕೆ ಬಂದು ನಿಂತಿತು. ಅವತ್ತೇ ಹುಟ್ಟಿದ ಕೂಸು ಅಂದ ಮೇಲೆ ಹೆಸರಿಡಬೇಕಲ್ಲ. ಎರಡು ತೊಟ್ಟಿಲು ಜೋಡಿಸಿ ಹಗ್ಗ ಬಿಗಿದು ಮಲಗಿಸಿದೆವು, ಮೊಣಕಾಲು ಹೊರಗೇ ಉಳಿಯಿತು. ಸೋದರತ್ತೆಯ ಜಾಗದಲ್ಲಿ ಅವರ ಮಗಳೇ ನಿಂತು ಕಿವಿಯಲ್ಲಿ ಹಳೇ ಹೆಸರನ್ನೇ ಊದಿದಳು. ಈಗ ತಾವೇ ಹೆಡ್ಮಾಸ್ತರಾಗಿದ್ದ ಶಾಲೆಯಲ್ಲಿ ನಾಲ್ಕನೇ ತರಗತಿ, ಕೊನೇ ಬೆಂಚು. ಲೆಕ್ಕದಲ್ಲಿ ಚುರುಕು, ಆದರೆ ಮಾತು ಜಾಸ್ತಿ ಅಂತ ಮೇಡಂ ಹೇಳುತ್ತಾರೆ.

ಅವರ ಸಾಲು ಮುಟ್ಟಿದವನು ನಾನೇ. ನಾನು ತಿಪ್ಪೇಶಿ, ಊರಿನ ದಾಖಲೆ ಕಚೇರಿಯ ಗುಮಾಸ್ತ. ಹುಟ್ಟು, ಮದುವೆ, ಸಾವು ಎಲ್ಲವೂ ನನ್ನ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿವೆ, ಒಂದೊಂದಕ್ಕೆ ಒಂದೊಂದು ಸಾಲು. ಸಾಲಿನಲ್ಲಿ ಎಲ್ಲೇ ಏನೇ ತಿದ್ದಿದರೂ ತಾರೀಖು ತಾನಾಗಿ ಆ ಗಳಿಗೆಗೆ ಬದಲಾಗುತ್ತದೆ, ಮತ್ತೆ ಹಿಂದಕ್ಕೆ ಹೋಗುವುದಿಲ್ಲ. ಕಾಲಂ ಹೇಳಿದ್ದೇ ಊರಿಗೆ ದಿಟ. ಅದಕ್ಕೇ ನಮ್ಮ ಜನ ತಪ್ಪು ತಿದ್ದಿಸಲು ಹೋಗುವುದಿಲ್ಲ, ತಪ್ಪಿಗೆ ತಾವೇ ಹೊಂದಿಕೊಳ್ಳುತ್ತಾರೆ. ಬಡಗಿ ಓಬಯ್ಯನ ಸಾಲಿನಲ್ಲಿ ದರ್ಜಿ ಅಂತ ಬಿದ್ದಿತ್ತು. ಆತ ಉಳಿ ಕೆಳಗಿಟ್ಟು ಸೂಜಿ ಹಿಡಿದ. ಅವನು ಹೊಲಿದ ಅಂಗಿ ತೊಟ್ಟರೆ ಕಪಾಟಿನೊಳಗೆ ನಿಂತ ಹಾಗಾಗುತ್ತದೆ, ಆದರೂ ಎಲ್ಲರೂ ತೊಡುತ್ತೇವೆ. ಮನೆ ನಂಬರು ಅದಲು ಬದಲಾಗಿದ್ದ ಎರಡು ಸಂಸಾರಗಳು ಒಂದು ಭಾನುವಾರ ಪಾತ್ರೆ ಪಗಡ ಹೊತ್ತುಕೊಂಡು ಮನೆಗಳನ್ನೇ ಬದಲಾಯಿಸಿಕೊಂಡವು. ದಾರಿಯಲ್ಲಿ ಎದುರುಬದುರಾದಾಗ ನಮ್ಮನೆ ನಲ್ಲಿ ಸೋರುತ್ತೆ, ನೋಡ್ಕೊಳ್ಳಿ ಅಂತ ಒಬ್ಬರಿಗೊಬ್ಬರು ಹೇಳಿಕೊಂಡವು.

ಸಾವಿನ ಸಾಲು ಮಾತ್ರ ಬೇರೆ ತೂಕದ್ದು. ಸಾವಾದ ಮನೆಯಲ್ಲಿ ಹನ್ನೆರಡು ದಿನ ಆ ಮನೆಯವರು ಒಲೆ ಹಚ್ಚುವ ಹಾಗಿಲ್ಲ, ಅಕ್ಕಪಕ್ಕದವರು ಊಟ ತರುತ್ತಾರೆ. ಊರಿನವರು ಜಗಲಿಯ ಮೇಲೆ ಕೂತು ಹೋದವರ ಕಥೆ ಹೇಳುತ್ತಾರೆ, ಅವನು ಹೀಗಂದ, ಇವಳು ಹಾಗೆ ನಕ್ಕಳು ಅಂತ. ಹೋದವರ ತಾಯಿ ಬದುಕಿದ್ದರೆ ಆ ಹನ್ನೆರಡು ದಿನದೊಳಗೆ ಒಂದು ಸಲ ಬಂದು ಕೂತು, ಮಗುವಿನ ಕಥೆ ಕೇಳಿ, ಒಂದು ತುತ್ತು ತಿನ್ನಬೇಕು. ಹನ್ನೆರಡನೇ ದಿನ ಹೊತ್ತು ಮುಳುಗುವಾಗ ಹೊಸಿಲಿಗೆ ಒಂದು ಚೊಂಬು ನೀರು ಹಾಕಿ ಹೆಸರು ಇಳಿಸುತ್ತೇವೆ. ಆಮೇಲೆ ಆ ಹೆಸರನ್ನು ಯಾರೂ ಎತ್ತುವಂತಿಲ್ಲ, ಹೆತ್ತವರೂ ಎತ್ತುವಂತಿಲ್ಲ. ಸಾವಿನ ತಾರೀಖಿನಿಂದ ಸಾವಿರ ದಿನ ಕಳೆದ ಮೇಲೆ ಉಳಿದವರು ಬೇಕಿದ್ದರೆ ಇನ್ನೊಂದು ಮದುವೆ ಆಗಬಹುದು. ಒಂದು ದಿನ ಮುಂಚೆ ಹೋದರೂ ಕಂಪ್ಯೂಟರು ಮದುವೆಯ ಸಾಲನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಈಗ ಹಾಲಮ್ಮನ ವಿಷಯ. ಅವಳ ಗಂಡ ಮುರುಗೇಶ ಹಿಟ್ಟಿನ ಗಿರಣಿ ಇಟ್ಟಿದ್ದವನು. ಮೂವತ್ತೆಂಟಕ್ಕೇ ಜ್ವರ ಬಂದು ಹೋದ. ಅವತ್ತಿನಿಂದ ಗಿರಣಿ ನಡೆಸುವುದು ಅವಳೇ. ಮನೆಯಲ್ಲಿ ಅವಳೂ ಅವನ ತಾಯಿ ಕೊಟ್ರಮ್ಮನೂ, ಇಬ್ಬರೇ. ಹಾಲಮ್ಮನ ಹುಬ್ಬಿನ ಮೇಲೆ ಯಾವಾಗಲೂ ಹಿಟ್ಟು ಕೂತಿರುತ್ತದೆ. ಜೋಳ ಬಿಸಿಯಾಗಿದೆ, ಆರಿಸಿ ಡಬ್ಬಿಗೆ ತುಂಬಿ ಅಂತ ಹೇಳುವಾಗ ಆ ಹುಬ್ಬು ಮೇಲೇಳುತ್ತದೆ. ನನಗೆ ನಲವತ್ತಾರು ವರ್ಷ, ಇಂಥದ್ದನ್ನೆಲ್ಲ ಗಮನಿಸುವ ವಯಸ್ಸಲ್ಲ. ಆದರೂ ಒಂಟಿ ಗಂಡಸಿಗೆ ತಿಂಗಳಿಗೆ ಸಾಕಾಗುವ ಜೋಳವನ್ನು ಸೇರು ಸೇರಾಗಿ ದಿನಾ ಹೊತ್ತುಕೊಂಡು ಹೋಗಿ ಬೀಸಿಸುತ್ತಿದ್ದೆ. ಊರಿಗೆಲ್ಲ ಗೊತ್ತಿತ್ತು. ಮುರುಗೇಶ ಹೋದಾಗಲೇ ನನ್ನ ಹೆಂಡತಿ ತೀರಿಕೊಂಡು ಮೂರು ನಾಲ್ಕು ವರ್ಷವಾಗಿತ್ತು, ನನ್ನ ಸಾವಿರ ದಿನ ಮುಗಿದಿತ್ತು. ಹಾಲಮ್ಮನ ದಿನಗಳನ್ನು ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಗೀಟು ಹಾಕಿ ಎಣಿಸುತ್ತಿದ್ದೆ.

ಏಳುನೂರನೇ ದಿನದ ಹೊತ್ತಿಗೆ ಅವಳು ಕಚೇರಿಗೆ ಬಂದಳು. "ಗುಮಾಸ್ತರೇ, ಅವರ ಸಾಲಲ್ಲಿ ಗಿರಣಿ ಕೆಳಗಿನ ಕೇರಿ ಅಂತಿದೆ. ನಮ್ಮದು ಮೇಲಿನ ಕೇರಿ ಅಲ್ವಾ?" ಅಂದಳು. ನಿಜವಾದ ತಪ್ಪಾದರೆ ತಿದ್ದಲೇಬೇಕು, ಅದು ನನ್ನ ಕೆಲಸ. ತಿದ್ದಿದೆ. ಮುರುಗೇಶ ಅವತ್ತು ಸತ್ತ. ಜನ ಜಗಲಿಗೆ ಬಂದರು, ಊಟ ಬಂತು, ಕಥೆಗಳು ಬಂದವು. ನಾನು ಮನೆಗೆ ಹೋಗಿ ಕ್ಯಾಲೆಂಡರಿನಲ್ಲಿ ಒಂದು ಅಂತ ಬರೆದೆ. ಎರಡನೇ ಸಲ ಬಂದಿದ್ದು ಒಂಬೈನೂರ ನಲವತ್ತನೇ ದಿನ. ಅವನ ವಯಸ್ಸು ಎರಡು ವರ್ಷ ಹೆಚ್ಚು ಬಿದ್ದಿತ್ತು. ಅದನ್ನೂ ತಿದ್ದಿದೆ. ಸುಳ್ಳು ಯಾಕೆ ಹೇಳಲಿ, ಆ ಸಲ ಸಿಟ್ಟು ಬಂದಿತ್ತು. ಇವಳಿಗೆ ಗಂಡನ ಮೇಲಿನ ಆಸೆ ಇನ್ನೂ ಹೋಗಿಲ್ಲ, ನನ್ನನ್ನು ಕಲ್ಲು ಅಂದುಕೊಂಡಿದ್ದಾಳೆ ಅಂತ ಒಳಗೊಳಗೇ ಕುದ್ದೆ.

ಆ ಸಲ ನಾನೂ ಅವರ ಜಗಲಿಗೆ ಹೋಗಿ ಕೂತೆ. ಆಗ ಕಣ್ಣಿಗೆ ಬಿದ್ದಿದ್ದು ಕೊಟ್ರಮ್ಮ. ಒಂದು ವರ್ಷದಿಂದ ಗೋಡೆಗೆ ಮುಖ ಮಾಡಿ ಮಲಗಿದ್ದ ಮುದುಕಿ ಎದ್ದು ಕಂಬಕ್ಕೆ ಒರಗಿ ಕೂತಿದ್ದಳು. ಮುರುಗೇಶ ಚಿಕ್ಕವನಿದ್ದಾಗ ಹಿಟ್ಟಿನ ಡಬ್ಬಿಯಲ್ಲಿ ಕೂತು ಸಿಕ್ಕಿಹಾಕಿಕೊಂಡ ಕಥೆಯನ್ನು ಯಾರೋ ಹೇಳುತ್ತಿದ್ದರು. ಮುದುಕಿ ನಗುತ್ತಾ ಎರಡು ಮುದ್ದೆ ತಿಂದಳು. ನಾನು ಎಣಿಸಿದೆ. ನೀರು ಕೊಡಲು ಬಂದ ಹಾಲಮ್ಮ ಮೆಲ್ಲಗೆ, "ಹೆಸರು ಇಳಿಸಿದ ಮೇಲೆ ಅತ್ತೆ ಬಾಯೇ ಬಿಡಲ್ಲ ಗುಮಾಸ್ತರೇ. ಮಗನ ಹೆಸರು ಹೇಳೋ ಹಾಗಿಲ್ಲ, ಬೇರೆ ಮಾತು ಅವರಿಗೆ ಬೇಕಾಗಿಲ್ಲ. ಒಂದೊಂದೇ ಹೊತ್ತು ಊಟ ಬಿಡ್ತಾ ಬರ್ತಾರೆ" ಅಂದಳು. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ.

ಮೂರನೇ ಸಲ ಬಂದಾಗ ಒಂಬೈನೂರ ತೊಂಬತ್ತೆಂಟನೇ ದಿನ. ಬೆಳಿಗ್ಗೆ ಹನ್ನೊಂದು ಗಂಟೆ. ನಾನು ಅವತ್ತೇ ಕ್ಷೌರ ಮಾಡಿಸಿಕೊಂಡು, ಓಬಯ್ಯ ಹೊಲಿದ ಹೊಸ ಅಂಗಿ ತೊಟ್ಟು ಕೂತಿದ್ದೆ. ಇನ್ನೆರಡೇ ದಿನ. ಗಿರಣಿಗೆ ಹೋಗಿ ಏನು ಹೇಳಬೇಕು ಅಂತ ಬಾಯಿಪಾಠ ಮಾಡಿಕೊಳ್ಳುತ್ತಿದ್ದೆ. ಹಾಲಮ್ಮ ಬಾಗಿಲಲ್ಲಿ ನಿಂತಳು. ಹುಬ್ಬಿನ ಮೇಲೆ ಹಿಟ್ಟಿರಲಿಲ್ಲ. ಗಿರಣಿ ಮುಚ್ಚಿ ಬಂದಿದ್ದಳು.

"ಅವರ ಸಾಲಲ್ಲಿ ತಾಯಿ ಹೆಸರು ಖಾಲಿ ಇದೆ" ಅಂದಳು.

ನೋಡಿದೆ. ಖಾಲಿ ಇತ್ತು. "ಎರಡು ದಿನ ತಡೆಯೋಕಾಗಲ್ವಾ ಹಾಲಮ್ಮ?" ಅಂದೆ. ಕೇಳಬಾರದಿತ್ತು, ಕೇಳಿಬಿಟ್ಟೆ.

"ಅತ್ತೆ ನಾಲ್ಕು ದಿನದಿಂದ ಬರೀ ನೀರಿನ ಮೇಲಿದ್ದಾರೆ. ನಾಳೆಗೆ ಇರ್ತಾರೋ ಇಲ್ವೋ." ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. "ನಾನೂ ಎಣಿಸ್ತಾ ಇದ್ದೀನಿ ಗುಮಾಸ್ತರೇ. ಎರಡೇ ದಿನ ಅಂತ ನನಗೂ ಗೊತ್ತು. ಗೊತ್ತಿದ್ದೇ ಬಂದಿದ್ದೀನಿ."

ಅವಳೂ ಎಣಿಸುತ್ತಿದ್ದಳು ಅನ್ನುವುದು ನನಗೆ ಅವತ್ತೇ ತಿಳಿದಿದ್ದು. ಮೊದಲು ಮದುವೆಯಾಗಿ ಆಮೇಲೆ ಸಾಲು ತಿದ್ದಿದರೆ ಆಗುತ್ತಿರಲಿಲ್ಲವೇ ಅಂತ ನೀವು ಕೇಳಬಹುದು. ಆಗುವುದಿಲ್ಲ. ಸಾವಿನ ತಾರೀಖು ಮದುವೆಯ ತಾರೀಖಿಗಿಂತ ಮುಂದೆ ಹೋದರೆ ಮದುವೆಯೇ ಬಿದ್ದುಹೋಗುತ್ತದೆ. ನಾನು ತಿದ್ದುವುದಿಲ್ಲ ಅಂದಿದ್ದರೂ ಅವಳು ನನ್ನನ್ನು ಬೈಯುತ್ತಿರಲಿಲ್ಲ, ಅದೇ ಕಷ್ಟ. ಕಣ್ಣು ಮಂಜಾಯಿತು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡೆ, ಮತ್ತೆ ಮಂಜಾಯಿತು. ಯಾರ ಸಾಲು ಅಂತ ಮೊದಲು ಆರಿಸಬೇಕು, ಆಮೇಲೆ ಏನು ಬರೆಯಬೇಕೋ ಬರೆಯಬೇಕು. ಹದಿನೈದು ಸಾವಿರ ಸಲವಾದರೂ ಆ ಕ್ರಮದಲ್ಲಿ ಮಾಡಿರುವ ಕೈ ಇದು. ಅವತ್ತು ಸಾಲು ಆರಿಸುವುದನ್ನೇ ಮರೆತು, ತಾಯಿ ಅನ್ನುವ ಕಡೆ ಕೊಟ್ರಮ್ಮ ಅಂತ ಬರೆದು ಒತ್ತಿಬಿಟ್ಟೆ.

ಒಂದು ಸಾಲು ಬದಲಾಗಿದೆ ಅಂತ ಬರಬೇಕಾದ ಕಡೆ ಸಾವಿರದ ನೂರಾ ನಲವತ್ತು ಸಾಲು ಬದಲಾಗಿದೆ ಅಂತ ಬಂತು.

"ಯಾವಾಗಲೂ ಒಂದು ಅಂತ ಬರ್ತಿತ್ತಲ್ಲ?" ಅಂದಳು ಹಾಲಮ್ಮ.

ಯಾರ ಸಾಲು ಅಂತ ಆರಿಸದಿದ್ದರೆ ಸಾವಿನ ಸಾಲುಗಳೆಲ್ಲ ಒಟ್ಟಿಗೆ ಬದಲಾಗುತ್ತವೆ. ನಮ್ಮೂರಲ್ಲಿ ಇದುವರೆಗೆ ಸತ್ತವರೆಲ್ಲ ಅವತ್ತು ಹನ್ನೊಂದು ಗಂಟೆ ಹನ್ನೆರಡು ನಿಮಿಷಕ್ಕೆ ಸತ್ತಿದ್ದರು. ಎಲ್ಲರ ತಾಯಿಯೂ ಕೊಟ್ರಮ್ಮ. ಒಂದೊಂದಾಗಿ ತಿದ್ದೋಣ ಅಂದರೆ ಮುಟ್ಟಿದ ಸಾಲು ಮತ್ತೆ ಆ ದಿನಕ್ಕೆ ಬರುತ್ತದೆ. ಇವತ್ತಿನ ಸಾವನ್ನು ನಾಳೆಗೆ ಹಾಕಿದಂತೆ, ಅಷ್ಟೇ.

ಮಧ್ಯಾಹ್ನದ ಹೊತ್ತಿಗೆ ಕಚೇರಿ ಅಂಗಳದಲ್ಲಿ ಊರೇ ಸೇರಿತ್ತು. ಮುನ್ನೂರ ಹನ್ನೆರಡು ಮನೆ, ಸಾವಿಲ್ಲದ ಮನೆ ಒಂದೂ ಇಲ್ಲ. ಯಜಮಾನರು ಸಿದ್ರಾಮಣ್ಣ ಕಲ್ಲಿನ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದರು. ಬುಧವಾರಕ್ಕೆ ಮಗಳ ಮದುವೆ ಇಟ್ಟುಕೊಂಡಿದ್ದವನು ತಲೆ ಮೇಲೆ ಕೈ ಹೊತ್ತಿದ್ದ. ನಮ್ಮಪ್ಪನ ಕಾಟ ಮುಗಿದು ಇಪ್ಪತ್ತು ವರ್ಷ ಆಗಿತ್ತು, ಈಗ ಮತ್ತೆ ಅವನಿಗೆ ಅಳಬೇಕಾ ಅಂತ ಒಬ್ಬ ಗೊಣಗಿದ. ಸತ್ತ ಅಜ್ಜನೂ ಅಜ್ಜಿಯೂ ಒಂದೇ ತಾಯಿಯ ಮಕ್ಕಳಾದರಲ್ಲ ಅಂತ ಇನ್ನೊಬ್ಬ ತೆಗೆದಾಗ, ಆ ವಿಷಯ ಮಾತ್ರ ಯಾರೂ ಮಾತಾಡುವುದು ಬೇಡ ಅಂತ ಸಿದ್ರಾಮಣ್ಣ ಕೈ ಅಡ್ಡ ಹಿಡಿದರು. ಆಗ ಹಿಂದಿನಿಂದ ರುದ್ರಮುನಿ ಮೇಷ್ಟ್ರು ಕೈ ಎತ್ತಿದರು. ಒಂಬತ್ತು ವರ್ಷದವರು ಸಭೆಯಲ್ಲಿ ತಾವಾಗಿ ಮಾತಾಡುವಂತಿಲ್ಲ. ಹೇಳಪ್ಪ ಅಂದರು ಸಿದ್ರಾಮಣ್ಣ.

"ಯಾರ ಮನೇಲೂ ಒಲೆ ಹಚ್ಚೋ ಹಾಗಿಲ್ಲ ಅಂದ್ರೆ ಊಟ ತರೋರು ಯಾರು?"

ಹೊಟ್ಟೆಯ ವಿಷಯ ಬಂದ ಮೇಲೆ ಸಿಟ್ಟು ಇಳಿಯಿತು. ಕೊನೆಗೆ ಪ್ರತಿ ಮನೆಯವರೂ ಪಕ್ಕದ ಮನೆಗೆ ಹೋಗಿ ಅವರ ಒಲೆ ಹಚ್ಚಿ ಅವರಿಗೆ ಅಡುಗೆ ಮಾಡುವುದು ಅಂತ ತೀರ್ಮಾನವಾಯಿತು. ಇನ್ನು ತಾಯಿಯ ಸಂಗತಿ. ಎಲ್ಲ ಮನೆಗೂ ಕೊಟ್ರಮ್ಮ ಬಂದು ಕೂತು ಒಂದು ತುತ್ತು ತಿನ್ನಲೇಬೇಕು. ದಿನಕ್ಕೆ ಇಪ್ಪತ್ತಾರು ಮನೆ. ಅವಳನ್ನು ಹೊತ್ತುಕೊಂಡು ಹೋಗುವವರು ಯಾರು ಅಂದಾಗ ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ಒಳ್ಳೇ ಶಿಕ್ಷೆಯೇ ಅದು. ಬೇರೆ ಏನು ಕೊಟ್ಟಿದ್ದರೂ ನಾನು ಒಪ್ಪಿಕೊಳ್ಳುತ್ತಿದ್ದೆ.

ಗಿರಣಿಯ ಮೂಟೆ ಸಾಗಿಸುವ ತಳ್ಳುಗಾಡಿಗೆ ಹಾಸಿಗೆ ಹಾಸಿದೆವು. ಹಾಲಮ್ಮ ಅತ್ತೆಯ ಪಕ್ಕ ಬಗ್ಗಿ ವಿಷಯ ಹೇಳಿದಳು. ಮುದುಕಿ ಗೋಡೆಯ ಕಡೆಯಿಂದ ಮುಖ ಈಚೆ ತಿರುಗಿಸಿದಳು.

"ಎಷ್ಟು ಮಕ್ಕಳು ಅಂದೆ?"

"ಸಾವಿರದ ನೂರಾ ನಲವತ್ತು, ಅತ್ತೆ."

"ನಮ್ಮತ್ತೇನೂ ಸೇರಿ?"

"ಅವರೂ ನಿಮ್ಮ ಮಗಳೇ ಈಗ."

ಕೊಟ್ರಮ್ಮ ಮೊಣಕೈ ಊರಿ ಮೆಲ್ಲಗೆ ಎದ್ದು ಕೂತಳು. "ಹಂಗಾದ್ರೆ ಸ್ವಲ್ಪ ಬೈಯೋದಿದೆ" ಅಂದಳು.

ಆ ಹನ್ನೆರಡು ದಿನ ನಾನು ಗಾಡಿ ತಳ್ಳಿದೆ. ಹಾಲಮ್ಮ ಪಕ್ಕದಲ್ಲಿ ನಡೆಯುತ್ತಾ ಅತ್ತೆಗೆ ಬಿಸಿಲು ಬೀಳದ ಹಾಗೆ ಕೊಡೆ ಹಿಡಿದಳು. ಮೊದಲ ದಿನ ಮುದುಕಿ ಪ್ರತಿ ಮನೆಯಲ್ಲೂ ಅನ್ನದ ಅಗುಳನ್ನು ತುಟಿಗೆ ಮುಟ್ಟಿಸಿದಳು, ಅಷ್ಟೇ. ಆದರೂ ಇಪ್ಪತ್ತಾರು ಮನೆ ಅಂದರೆ ಇಪ್ಪತ್ತಾರು ಅಗುಳು ಆಯಿತಲ್ಲ. ಮೂರನೇ ದಿನಕ್ಕೆ ಉಪ್ಪು ಕಮ್ಮಿ ಅಂತ ಒಂದು ಮನೆಯಲ್ಲಿ ಹೇಳಿದಳು, ಹಾಲಮ್ಮ ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಕೊಟ್ರಮ್ಮ ಎಲ್ಲ ಕಡೆ ಕೇಳುತ್ತಿದ್ದದ್ದು ಒಂದೇ ಮಾತು, ನನ್ನ ಮಗು ಹೆಂಗಿತ್ತು ಹೇಳಿ ಅಂತ. ಜನ ಹೇಳಿದರು. ಇಪ್ಪತ್ತು ಮೂವತ್ತು ವರ್ಷ ಬಾಯಿಗೆ ಬಾರದ ಹೆಸರುಗಳು ಹೊರಗೆ ಬಂದವು. ಹುಟ್ಟಿ ಒಂದೇ ದಿನ ಬದುಕಿದ್ದ ಕೂಸಿನ ತಾಯಿ, ಈಗ ಅವಳಿಗೇ ಅರವತ್ತು, ಹೇಳೋಕೆ ಏನಿಲ್ಲವ್ವ, ಕೈಬೆರಳು ಉದ್ದ ಇತ್ತು ಅಂದಳು. ಕೊಟ್ರಮ್ಮ ಅವಳನ್ನು ಬದಿಗೆ ಎಳೆದುಕೊಂಡು, "ನಾವಿಬ್ಬರೂ ಹೆತ್ತಿದ್ದು ಅದನ್ನ" ಅಂದಳು. ಅಪ್ಪನ ಕಾಟದ ಬಗ್ಗೆ ಗೊಣಗಿದ್ದನಲ್ಲ, ಅವನ ಮನೆಯಲ್ಲಿ ಆ ಅಪ್ಪನ ಪಟದ ಮುಂದೆ ಕೂತು ಅರ್ಧ ಗಂಟೆ ಬೈದಳು, ಇಂಥ ಮಗನನ್ನ ಹೆಂಗೆ ಹೆತ್ತೆನೋ ಅಂತ. ಆ ಮಗ ಬಾಯಿ ತೆರೆದು ಕೇಳುತ್ತಾ ಕೂತಿದ್ದವನು ಆಮೇಲೆ ಅವಳ ಕಾಲು ಹಿಡಿದುಕೊಂಡ.

ಎಂಟನೇ ದಿನವೋ ಒಂಬತ್ತನೆಯದೋ, ಏರಿನಲ್ಲಿ ಗಾಡಿ ತಳ್ಳುತ್ತಾ ನಾನು ಏದುಸಿರು ಬಿಡುತ್ತಿದ್ದೆ. ಹಾಲಮ್ಮ ಒಂದು ಕಡೆ ಕೈ ಕೊಟ್ಟಳು. "ಮತ್ತೆ ಒಂದರಿಂದ ಎಣಿಸಬೇಕು" ಅಂದೆ, ತಮಾಷೆ ಮಾಡುವವನ ಹಾಗೆ.

"ಈ ಸಲ ನಿಮಗೂ ಒಂದರಿಂದಲೇ. ಅದು ಮರೆತುಹೋಯ್ತಾ?" ಅಂದಳು.

ನನ್ನ ಹೆಂಡತಿಯ ಸಾವೂ ಅವತ್ತಿಗೇ ಬಂದು ನಿಂತಿದ್ದನ್ನು ನಾನು ಮರೆತಿರಲಿಲ್ಲ. ಆ ಮಾತು ಬೇಡವಾಗಿತ್ತು.

ಹನ್ನೆರಡನೇ ದಿನ ಸಂಜೆ ಪಟ್ಟಿಯಲ್ಲಿದ್ದ ಕೊನೇ ಮನೆ ಮುಗಿಸಿ ಗಾಡಿಯನ್ನು ಗಿರಣಿಯ ಕಡೆ ತಿರುಗಿಸಿದೆ. ಹಾಲಮ್ಮ ಕೊಡೆ ಮಡಚಿ ಚಕ್ರಕ್ಕೆ ಅಡ್ಡ ಇಟ್ಟಳು.

"ಮುನ್ನೂರ ಹನ್ನೊಂದಾಯ್ತು. ಇನ್ನೊಂದು ಮನೆ ಇದೆ" ಅಂದಳು.

ಪಟ್ಟಿ ಬರೆದವನು ನಾನು. ನನ್ನ ಮನೆಯನ್ನು ಬರೆದಿರಲಿಲ್ಲ. "ಅಲ್ಲಿ ಯಾರೂ ಕಾಯ್ತಾ ಇಲ್ಲ ಹಾಲಮ್ಮ, ಹೊತ್ತಾಯ್ತು" ಅಂದೆ. ಅವಳು ಕೊಡೆ ತೆಗೆಯಲಿಲ್ಲ. ಗಾಡಿಯ ಮೇಲಿಂದ ಕೊಟ್ರಮ್ಮ, "ಯಾವ ಮಗುವಪ್ಪ ಉಳಿದಿದ್ದು?" ಅಂದಳು.

ನನ್ನ ಹೆಂಡತಿ ಸತ್ತಾಗ ನಾವು ಈ ಊರಿಗೆ ಬಂದು ನಾಲ್ಕು ತಿಂಗಳಾಗಿತ್ತು. ಜನ ಒಳ್ಳೆಯವರು, ಹನ್ನೆರಡು ದಿನವೂ ಊಟ ತಂದರು, ಬಂದು ಕೂತರು. ಆದರೆ ಅವಳನ್ನು ಅರಿತವರು ಯಾರೂ ಇರಲಿಲ್ಲ. ಯಾರ ಹತ್ತಿರವೂ ಒಂದು ಕಥೆ ಇರಲಿಲ್ಲ. ತಲೆ ತಗ್ಗಿಸಿ ಕೂತು, ಹೊತ್ತಾದ ಮೇಲೆ ಎದ್ದು ಹೋಗುತ್ತಿದ್ದರು. ನಾನೂ ಏನೂ ಹೇಳಲಿಲ್ಲ, ಹೊಸ ಊರು, ನಾಚಿಕೆ. ಹನ್ನೆರಡನೇ ದಿನ ಹೆಸರು ಇಳಿಸಿದೆವು. ಒಂದು ಸಲವೂ ಯಾರೂ ಎತ್ತದ ಹೆಸರನ್ನೇ ಇಳಿಸಿದೆವು.

ಕೊಟ್ರಮ್ಮನನ್ನು ಎತ್ತಿ ನನ್ನ ಜಗಲಿಯ ಮೇಲೆ ಕೂರಿಸಿದೆ. ಹಾಲಮ್ಮ ಕೇಳದೆಯೇ ಒಳಗೆ ಹೋಗಿ ಒಲೆ ಹಚ್ಚಿದಳು. ಡಬ್ಬಿಗಳನ್ನು ತೆರೆದು ನೋಡಿದ ಸದ್ದು ಕೇಳಿಸಿತು. ನಾಲ್ಕು ಡಬ್ಬಿ ತುಂಬಾ ಜೋಳದ ಹಿಟ್ಟೇ ಇತ್ತು. ರೊಟ್ಟಿ ತಟ್ಟುವ ಸದ್ದು ಶುರುವಾಯಿತು.

"ಹೇಳಪ್ಪ, ಏನು ಹೆಸರು ನನ್ನ ಮಗಳದ್ದು?" ಅಂದಳು ಕೊಟ್ರಮ್ಮ.

ಬಾಯಿ ತೆರೆದೆ. ಬರಲಿಲ್ಲ. ಇನ್ನೊಂದು ಸಲ ತೆರೆದೆ. "ಸಾವಂತ್ರಿ" ಅಂದೆ. ಒಳಗೆ ರೊಟ್ಟಿ ತಟ್ಟುವುದು ನಿಂತಿತು.

"ಅವಳ ಹೆತ್ತವ್ವ ಎಲ್ಲಿದ್ದಾಳೆ?"

"ಹೆತ್ತ ಮೂರನೇ ದಿನಕ್ಕೇ ಹೋದರಂತೆ. ಸೋದರಮಾವನ ಮನೇಲಿ ಬೆಳೆದವಳು. ಅವ್ವ ಅಂತ ಯಾರನ್ನೂ ಕರೆದಿಲ್ಲ."

"ಆಯ್ತು ಬಿಡು. ಹೆಂಗಿದ್ದಳು ಹೇಳು."

ಹೇಳಿದೆ. ಸಾರಿಗೆ ಉಪ್ಪು ಹಾಕಿದ್ದು ಮರೆತು ಇನ್ನೊಂದು ಸಲ ಹಾಕುತ್ತಿದ್ದಳು, ತಿಂದು ನೋಡಿ ತಾನೇ ಮೊದಲು ನಗುತ್ತಿದ್ದಳು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿದರೆ ಸಾಕು, ದಾರಿಯುದ್ದಕ್ಕೂ ಕಂಡ ಎಮ್ಮೆಗಳನ್ನೆಲ್ಲ ನನಗೆ ತೋರಿಸುತ್ತಿದ್ದಳು. ಈ ಊರಿಗೆ ಬಂದ ದಿನ ಬೀಗದ ಕೈ ಕಳೆದುಹೋಗಿ ಇದೇ ಜಗಲಿಯ ಮೇಲೆ ಸಂಜೆಯವರೆಗೆ ಕೂತಿದ್ದೆವು. ಇಲ್ಲಿ ಗಾಳಿ ಚೆನ್ನಾಗಿದೆ, ಇಲ್ಲೇ ಇದ್ದುಬಿಡೋಣ ಅಂದಿದ್ದಳು. ತಲೆ ಎತ್ತಿದರೆ ಕೊಟ್ರಮ್ಮ ಅಳುತ್ತಿದ್ದಳು. ಲೋಕಾಚಾರಕ್ಕಲ್ಲ. ಎದೆ ಹಿಡಿದುಕೊಂಡು, ನನ್ನ ಮಗಳೇ, ಉಪ್ಪು ಹೆಚ್ಚಾದರೆ ಏನಾಯ್ತೇ ಅಂತ ಅಳುತ್ತಿದ್ದಳು. ಹನ್ನೊಂದು ವರ್ಷದಲ್ಲಿ ನನ್ನ ಸಾವಂತ್ರಿಗಾಗಿ ನನ್ನನ್ನು ಬಿಟ್ಟು ಇನ್ನೊಬ್ಬರು ಅತ್ತಿದ್ದು ಅದೇ ಮೊದಲು.

ಹಾಲಮ್ಮ ರೊಟ್ಟಿ ತಂದಿಟ್ಟು ಬಾಗಿಲಿಗೆ ಒರಗಿ ಕೂತಳು. ಅಷ್ಟರಲ್ಲಿ ಹೊತ್ತು ಮುಳುಗಿತು. ಬೀದಿಯಲ್ಲಿ ಒಂದೊಂದೇ ಮನೆಯವರು ಹೊಸಿಲಿಗೆ ನೀರು ಹಾಕಿ ಹೆಸರು ಇಳಿಸುತ್ತಿದ್ದರು. ನಾನೂ ಚೊಂಬು ತರಲು ಎದ್ದೆ.

"ಎಲ್ಲಿಗೆ ಹೊರಟೆ?" ಅಂದಳು ಕೊಟ್ರಮ್ಮ. ಮೂಗು ಒರೆಸಿಕೊಂಡು ರೊಟ್ಟಿ ಮುರಿದಳು. "ಸಾವಂತ್ರಿ ಕಥೆ ಇನ್ನೂ ಅರ್ಧ ಆಗಿಲ್ಲ."

ಹೊತ್ತು ಮುಳುಗಿದ ಮೇಲೆ ಹೆಸರು ಎತ್ತಿದ್ದಳು. ನಾನು ಹಾಲಮ್ಮನ ಕಡೆ ನೋಡಿದೆ. ಅವಳು ಕೈಯಲ್ಲಿದ್ದ ಹಿಟ್ಟು ಉಜ್ಜಿಕೊಳ್ಳುತ್ತಾ ಬೀದಿಗೆ ಕೇಳುವ ಹಾಗೇ ಅಂದಳು, "ಅವರದು ಮುಗೀಲಿ ಅತ್ತೆ. ಆಮೇಲೆ ಮುರುಗೇಶಂದು ನಾನು ಹೇಳ್ತೀನಿ. ಸಾವಿರ ದಿನ ಇದೆಯಲ್ಲ, ಅವಸರ ಏನಿಲ್ಲ."

ಎದುರು ಮನೆಯವರು ಚೊಂಬು ಹಿಡಿದುಕೊಂಡು ಹಾಗೇ ನಿಂತಿದ್ದರು. ನಾನು ಮತ್ತೆ ಕೂತೆ. ಆ ಬೀಗದ ಕೈ ಸಿಕ್ಕಿತಾ ಅಂತ ಕೇಳಿದಳು ಕೊಟ್ರಮ್ಮ. ಸಿಕ್ಕಿತು ಅಂದೆ, ಸಾವಂತ್ರಿಯ ಸೆರಗಿನ ಗಂಟಿನಲ್ಲೇ ಇತ್ತು.